ಜನಕಪುರಕ್ಕೆ ಆಧಾರ್ ಒಂದನ್ನೇ ನಂಬಿ ಹೊರಡಬೇಡಿ

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡಿದೆ. ಅಪ್ಪ ಅಮ್ಮ ರೈಲಿನಲ್ಲೇ ನೇಪಾಳದ ಜನಕಪುರಕ್ಕೆ ಹೋಗಬೇಕು ಅಂತಿದ್ದಾರೆ, ಇಬ್ಬರಿಗೂ ಪಾಸ್‌ಪೋರ್ಟ್ ಇಲ್ಲ, ಗಡಿಯಲ್ಲಿ ತಡೆದರೆ ಏನು ಗತಿ ಅಂತ ಕೇಳಿದ್ದೀಯ. ಪೂರ್ತಿ ಕೇಳು, ಮಧ್ಯದಲ್ಲಿ ನಿಲ್ಲಿಸಬೇಡ.

ಆಧಾರ್ ಒಂದನ್ನೇ ನಂಬಿ ಹೊರಡಬೇಡಿ. ಚಿಕ್ಕತ್ತೆಗೆ ಆದದ್ದು ನಿಮಗೆಲ್ಲ ಗೊತ್ತಲ್ವಾ? ಅರ್ಧ ಗೊತ್ತು. ನಾವು ಮೈಸೂರಿಂದ ಬಾಗ್ಮತಿ ಎಕ್ಸ್‌ಪ್ರೆಸ್ ಹಿಡಿದು ದರ್ಭಂಗಾಕ್ಕೆ ಹೋದೆವು. ಅದು ವಾರಕ್ಕೆ ಒಂದೇ ಸಲ. ಅಲ್ಲಿಂದ ಜಯನಗರ. ಬೆಂಗಳೂರಿನದಲ್ಲ, ಬಿಹಾರದ್ದು. ನಮ್ಮ ಸ್ಟೇಷನ್ ಪಕ್ಕದಲ್ಲೇ ನೇಪಾಳದ ರೈಲಿನ ಸ್ಟೇಷನ್ ಬೇರೆ ಇದೆ. ಕೌಂಟರಿನಲ್ಲಿ ಗುರುತಿನ ಚೀಟಿ ಕೇಳಿದರು. ನಾನೂ ದೊಡ್ಡಮ್ಮನೂ ವೋಟರ್ ಕಾರ್ಡ್ ಕೊಟ್ಟೆವು. ಚಿಕ್ಕತ್ತೆ ಆಧಾರ್ ಕೊಟ್ಟಳು. ಕೌಂಟರಿನವನು ಅದರಲ್ಲಿ ಅವಳು ಹುಟ್ಟಿದ ವರ್ಷದ ಮೇಲೆ ಬೆರಳಿಟ್ಟು ನೋಡಿದ. ತಲೆ ಅಲ್ಲಾಡಿಸಿ ಕಾರ್ಡನ್ನು ಕಿಂಡಿಯಿಂದ ಈಚೆ ತಳ್ಳಿದ.

ಸೀತಮ್ಮನಿಗೆ ತವರಲ್ಲೇ ಮಡಿಲು ತುಂಬಬೇಕು ಅಂತ ಅವಳು ವರ್ಷಗಟ್ಟಲೆ ಹೇಳಿಕೊಂಡು ಬಂದವಳು. ಹಸಿರು ಬಳೆ, ರವಿಕೆ ಕಣ, ಅರಿಶಿನ, ಕುಂಕುಮ, ಒಣ ಕೊಬ್ಬರಿ ಎಲ್ಲ ಚೀಲದಲ್ಲಿ ಕಟ್ಟಿಕೊಂಡು ಬಂದಿದ್ದಳು. ಆ ಚೀಲವನ್ನು ದೊಡ್ಡಮ್ಮನ ಕೈಗೆ ಕೊಟ್ಟು, 'ನೀವು ಹೋಗಿ ಬನ್ನಿ ಅತ್ತಿಗೆ' ಅಂದಳು. ನಾವು ಬರುವ ತನಕ ಲಾಡ್ಜಿನಲ್ಲೇ ಇದ್ದಳು. ಜಾನಕಿ ಮಂದಿರದ ಅಂಗಳದಲ್ಲಿ ನಿಂತರೂ ನಮ್ಮಿಬ್ಬರಿಗೂ ಅವಳದೇ ಯೋಚನೆ. ಅದಕ್ಕೇ ಮತ್ತೆ ಹೇಳುತ್ತೇನೆ, ಆಧಾರ್ ಒಂದನ್ನೇ ನಂಬಬೇಡಿ.

ಕೌಂಟರಿನವನದು ತಪ್ಪಲ್ಲ, ಅವನಿಗೆ ನಿಯಮ. ಆಧಾರ್ ಸಾಕು ಅಂತ ನಾಲ್ಕು ಸಲ ಹೇಳಿದ್ದು ಟೂರಿನವನು. ಅವಳ ಪಾಲಿನ ದುಡ್ಡು ಕೇಳಿದರೆ ಫೋನೇ ಎತ್ತಲಿಲ್ಲ. ಅದಕ್ಕಿಂತ ನೋವಾಗಿದ್ದು ನಮ್ಮವರ ಮಾತು. ತಂಗಿಯನ್ನು ನಡುದಾರಿಯಲ್ಲಿ ಬಿಟ್ಟು ದೇವರು ನೋಡಿಕೊಂಡು ಬಂದ ಅಂತ ಗೃಹಪ್ರವೇಶದ ಪಂಕ್ತಿಯಲ್ಲಿ ಆಡಿಕೊಂಡರು. ಅವಳನ್ನೇ ಒಂದು ಮಾತು ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ಆ ಮನೆಗೆ ಆಮೇಲೆ ಹೋಗೋಕೆ ನನಗೆ ಮನಸ್ಸೇ ಬಂದಿಲ್ಲ.

ಹಾಂ, ನೀನು ಕೇಳಿದ್ದು ಪಾಸ್‌ಪೋರ್ಟ್ ವಿಷಯ. ನಮ್ಮ ದೇಶದವರಿಗೆ ಅದು ಬೇಕೇ ಬೇಕು ಅಂತಿಲ್ಲ. ವೋಟರ್ ಕಾರ್ಡ್ ಆಗುತ್ತೆ. ಅಸಲಿ ಕಾರ್ಡ್ ಇಟ್ಟುಕೊಳ್ಳಿ, ಜೆರಾಕ್ಸ್, ಫೋನಿನ ಫೋಟೋ ನೆಚ್ಚಿಕೊಳ್ಳಬೇಡಿ. 65 ದಾಟಿದವರಿಗೆ, 15ರ ಒಳಗಿನ ಮಕ್ಕಳಿಗೆ ಆಧಾರ್ ನಡೆಯುತ್ತೆ. ಹಾಗಾಗಿ ಅಪ್ಪಂದು ಚಿಂತೆಯಿಲ್ಲ. ಅಮ್ಮನಿಗೆ ಇನ್ನೂ 65 ಆಗಿಲ್ಲ, ಅವಳ ವೋಟರ್ ಕಾರ್ಡ್ ಬೇಕು.

ಗಡಿ ದಾಟುವ ಆ ನೇಪಾಳದ ರೈಲಿಗೆ ಹೆದರಬೇಡಿ. 2022ರಲ್ಲಿ ಬ್ರಾಡ್‌ಗೇಜಿನಲ್ಲಿ ಮತ್ತೆ ಶುರುವಾದದ್ದು, ಬೋಗಿಗಳನ್ನು ಒದಗಿಸಿದ್ದು ನಮ್ಮ ಕೊಂಕಣ ರೈಲ್ವೆಯವರೇ. ನೂರರ ನೋಟು ಜಾಸ್ತಿ ಇರಲಿ, ನಮ್ಮ 100 ರೂಪಾಯಿ ಅಂದರೆ ಅವರ 160 ರೂಪಾಯಿ. ಅವರ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ, ವಾಪಸ್ ಬರುವಾಗ ನಮ್ಮ ಟೈಮ್ ನೋಡಿಕೊಂಡು ಸುಮ್ನೆ ಕೂತರೆ ರೈಲು ಹೋಗಿಬಿಡುತ್ತೆ.

ಟಿಕೆಟ್ ಬುಕ್ ಮಾಡುವ ಮೊದಲು ಅಮ್ಮನ ವೋಟರ್ ಕಾರ್ಡ್ ಹುಡುಕು. ಬೀರುವಿನಲ್ಲಿ ಪಾಸ್‌ಬುಕ್ ಜೊತೆ ಇಡುತ್ತಾಳೆ. ಸಿಗದಿದ್ದರೆ ಇವತ್ತೇ ಫೋನ್ ಮಾಡು, ಹೊಸದಕ್ಕೆ ಅರ್ಜಿ ಹಾಕೋಣ.