ಸಹಾಯ ಬೇಕು: ಸ್ಪರ್ಶದ ಚಿತ್ರದಲ್ಲಿ ಆಮೆ ಯಾಕಿದೆ?

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲು ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತೇನೆ. ಶಾಲೆಯಲ್ಲಿ ಪಂಚೇಂದ್ರಿಯಗಳ ಮೇಲೆ ಒಂದು ಸಣ್ಣ ಪ್ರದರ್ಶನ ಇಡಬೇಕು ಅಂತಿದ್ದೇನೆ. ಅದಕ್ಕೆ 1561ರ ಐದು ಅಚ್ಚುಚಿತ್ರಗಳನ್ನು ಆರಿಸಿಕೊಂಡಿದ್ದೇನೆ. ಮೂಲ ಚಿತ್ರ ಆಂಟ್ವರ್ಪ್‌ನ (ಈಗಿನ ಬೆಲ್ಜಿಯಂ) ಚಿತ್ರಕಾರ ಫ್ರಾನ್ಸ್ ಫ್ಲೋರಿಸ್‌ದು, ತಾಮ್ರದ ತಗಡಿನ ಮೇಲೆ ಕೊರೆದವನು ಕಾರ್ನೆಲಿಸ್ ಕೋರ್ಟ್.

ಒಂದೊಂದು ಇಂದ್ರಿಯಕ್ಕೂ ಒಬ್ಬ ಹೆಂಗಸು, ಜೊತೆಗೊಂದು ಪ್ರಾಣಿ. ನೋಟಕ್ಕೆ ಕನ್ನಡಿ ಮತ್ತು ಹದ್ದು. ವಾಸನೆಗೆ ಹೂವು, ನಾಯಿ. ರುಚಿಗೆ ಹಣ್ಣು, ಕೋತಿ (ಮಕ್ಕಳಿಗೆ ಇದೇ ಇಷ್ಟ ಆಗೋದು, ಗ್ಯಾರಂಟಿ). ಕಿವಿಗೆ ವಾದ್ಯ ಮತ್ತು ಸಾರಂಗ. ಇಷ್ಟೂ ಸರಿ. ಸ್ಪರ್ಶದ ಚಿತ್ರದಲ್ಲಿ ಹಕ್ಕಿಯೊಂದು ಅವಳ ಕೈಯನ್ನು ಕುಕ್ಕುತ್ತಿದೆ. ಅದೂ ಅರ್ಥ ಆಗುತ್ತದೆ. ಆದರೆ ಕೆಳಗೆ ಆಮೆ ಯಾಕೆ? ಅದಕ್ಕೂ ಹಿಂದೆ ಯುರೋಪಿನಲ್ಲಿ ಸ್ಪರ್ಶಕ್ಕೆ ಜೇಡವನ್ನು ಹೇಳುತ್ತಿದ್ದರು. ಬಲೆ ಚೂರು ಅಲುಗಿದರೂ ಅದಕ್ಕೆ ಗೊತ್ತಾಗುತ್ತದೆ, ಅಲ್ವಾ? ಗಟ್ಟಿ ಚಿಪ್ಪಿನ ಆಮೆ ಅದರ ಜಾಗಕ್ಕೆ ಹೇಗೆ ಬಂತು? ಬಲ್ಲವರು ತಿಳಿಸಿ.

ನಮ್ಮಲ್ಲೂ ಇಂಥ ಪಟ್ಟಿ ಇದೆ: ಜಿಂಕೆ ಕಿವಿಯಿಂದ ಕೆಟ್ಟಿತು, ಆನೆ ಸ್ಪರ್ಶದಿಂದ, ಪತಂಗ ಕಣ್ಣಿನಿಂದ, ಮೀನು ನಾಲಿಗೆಯಿಂದ, ದುಂಬಿ ಮೂಗಿನಿಂದ. ಎರಡನ್ನೂ ಅಕ್ಕಪಕ್ಕ ತೂಗುಹಾಕುವ ಆಸೆ. ಆಮೆ ನಮ್ಮಲ್ಲಿ ಇಂದ್ರಿಯಗಳನ್ನು ಒಳಗೆಳೆದುಕೊಳ್ಳುವವನಿಗೆ ಹೋಲಿಕೆ, ಹಾಗಾಗಿ ಕುತೂಹಲ ಜಾಸ್ತಿ.

ಇನ್ನೊಂದು ವಿಷಯ. ಚಿತ್ರಗಳ ಮೇಲೆ ಲ್ಯಾಟಿನ್ ಬರಹವಿದೆ. ಲ್ಯಾಟಿನ್ ಓದಬಲ್ಲವರು ಯಾರಾದರೂ ಇದ್ದರೆ ಕಾಮೆಂಟ್‌ನಲ್ಲಿ ಹೇಳಿ, ಫೋಟೊ ಕಳಿಸುತ್ತೇನೆ. ಸರಳ ಕನ್ನಡದಲ್ಲಿ ಒಂದೊಂದು ಸಾಲು ಸಿಕ್ಕರೂ ಸಾಕು.