ಬಾಡಿಗೆ ಮನೆ ಆ್ಯಪ್‌ನಲ್ಲಿ ‘ಮೀನು ಬೇಯಿಸಬಹುದು’ ಅಂತ ಫಿಲ್ಟರ್ ಬೇಕಾ?

ಇಂದ್ರಾಳಿ ಬಾಡಿಗೆದಾರ
ಬಾಡಿಗೆ ಆ್ಯಪ್‌ಗಳು ಜಿಮ್ ಇದೆಯಾ, ಈಜುಕೊಳ ಇದೆಯಾ ಅಂತ ಕೇಳುತ್ತವೆ. ಬಾವಿ ಇದೆಯಾ ಅಂತ ಕೇಳುವುದಿಲ್ಲ. ಉಡುಪಿಯಲ್ಲಿ ಮನೆ ಹುಡುಕುವವರಿಗೆ ಮೇ ತಿಂಗಳಲ್ಲಿ ನೀರು ಎಲ್ಲಿಂದ ಬರುತ್ತದೆ, ಜುಲೈಯಲ್ಲಿ ಗೋಡೆ ಹೇಗಿರುತ್ತದೆ ಅನ್ನುವುದು ಮುಖ್ಯ. ಅದಕ್ಕಿಂತ ಮುಖ್ಯ, ಆ ಅಡುಗೆಮನೆಯಲ್ಲಿ ಮೀನು ಬೇಯಿಸಬಹುದಾ ಅನ್ನುವುದು. ಇತ್ತೀಚೆಗೆ ರಜೆ ಹಾಕಿ ಒಂದು ಮನೆ ನೋಡಲು ಹೋದೆವು. ಬಾಡಿಗೆ, ಮುಂಗಡ ಎಲ್ಲ ಮಾತಾಯಿತು. ಹೊರಡುವಾಗ “ನೀವು ಮೀನು ಮಾಂಸ ಮಾಡುವವರಲ್ಲ, ಅಲ್ವಾ?” ಅಂದರು. ಅಲ್ಲಿಗೆ ಮುಗಿಯಿತು. ಇದಕ್ಕೊಂದು ಫಿಲ್ಟರ್ ಇದ್ದರೆ ಇಬ್ಬರ ಸಮಯವೂ ಉಳಿಯುತ್ತಿತ್ತು.

ಸುರತ್ಕಲ್ ಆ್ಯಪ್ ಡೆವಲಪರ್
ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಫಿಲ್ಟರ್ ಬೇಡ. ಮನೆ ಸೇರಿಸುವ ಫಾರಂನಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಅಂತ ಒಂದು ಚೌಕ ಕಂಡರೆ, ಇದುವರೆಗೆ ಆ ಬಗ್ಗೆ ಯೋಚಿಸದ ಮಾಲೀಕರೂ ‘ಇರಲಿ’ ಅಂತ ಟಿಕ್ ಮಾಡುತ್ತಾರೆ. ಆಯ್ಕೆ ಎದುರಿಗಿಟ್ಟರೆ ಜನ ಬಳಸುತ್ತಾರೆ. ಮೀನು ತಿನ್ನುವವರೇ ಜಾಸ್ತಿ ಇರುವ ಕರಾವಳಿಯಲ್ಲಿ ಅವರಿಗೆ ಸಿಗುವ ಮನೆಗಳೇ ಕಡಿಮೆಯಾಗಬಹುದು.

ದೇರಳಕಟ್ಟೆ ನರ್ಸ್
ಫಿಲ್ಟರ್ ಇಲ್ಲ ಅಂದ ಮಾತ್ರಕ್ಕೆ ಆ ಪ್ರಶ್ನೆ ನಿಂತಿದೆಯಾ? ಫೋನ್‌ನಲ್ಲಿ ಕೇಳುತ್ತಾರೆ. ಮೊದಲು ಹೆಸರು, ಆಮೇಲೆ ಊರು, ಆಮೇಲೆ ಊಟ. ಎಷ್ಟೋ ಸಲ ಹೆಸರು ಕೇಳಿದ ಮೇಲೆ ಊಟದ ಪ್ರಶ್ನೆಯೇ ಬರುವುದಿಲ್ಲ, “ಮನೆ ಹೋಯ್ತು” ಅನ್ನುತ್ತಾರೆ. ಮರುದಿನ ನೋಡಿದರೆ ಅದೇ ಮನೆ ಆ್ಯಪ್‌ನಲ್ಲಿ ಹಾಗೇ ಇರುತ್ತದೆ. ನೈಟ್ ಡ್ಯೂಟಿ ಮುಗಿಸಿ ಬಂದು ಇದನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುವುದು ಸುಲಭ ಅಲ್ಲ. ಊಟದ ನಿಯಮ ಇದ್ದರೆ ಬರೆದೇ ಬಿಡಲಿ, ನಾನು ಆ ಕಡೆ ಹೋಗುವುದಿಲ್ಲ. ಆದರೆ ಮನೆ ನೋಡುವ ದಿನ ಗೊತ್ತಾಗುವವರೆಗೆ ನನ್ನ ಹೆಸರು ಮಾಲೀಕರಿಗೆ ಕಾಣಬಾರದು. ಕೆಲಸ ಏನು, ಎಷ್ಟು ಜನ, ಯಾವಾಗಿನಿಂದ ಬೇಕು, ಇಷ್ಟು ಸಾಕು.

ಬಿಜೈ ಮನೆ ಮಾಲೀಕ
ನನ್ನ ಮನೆಯ ಮೇಲ್ಮಹಡಿ ಬಾಡಿಗೆಗೆ ಕೊಡುತ್ತೇನೆ. ಯಾರು ಬರುತ್ತಾರೆ ಅಂತ ಹೆಸರೂ ಗೊತ್ತಿಲ್ಲದೆ ಮನೆ ತೋರಿಸಲು ಆಗುವುದಿಲ್ಲ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ಇನ್ನೊಂದು ವಿಷಯ, ಮಾಲೀಕರಿಗೂ ರಕ್ಷಣೆ ಬೇಕು. ನಂಬರ್ ಹಾಕಿದ ದಿನವೇ ಬ್ರೋಕರ್‌ಗಳ ಫೋನ್ ಶುರು. ಅದರ ಮಧ್ಯೆ ಒಬ್ಬ ಸೇನೆಯಲ್ಲಿದ್ದೇನೆ, ಮಂಗಳೂರಿಗೆ ವರ್ಗ ಆಗಿದೆ ಅಂದ. ಮನೆ ನೋಡದೆಯೇ ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದ. ಯುಪಿಐನಲ್ಲಿ ಹಣ ಬರಲು ಪಿನ್ ಬೇಡವೇ ಬೇಡ. ಪಿನ್ ಹಾಕಿದರೆ ನಮ್ಮ ಖಾತೆಯಿಂದಲೇ ಹೋಗುತ್ತದೆ. ಈ ಎಚ್ಚರಿಕೆ ಚಾಟ್ ಪುಟದ ಮೇಲೆಯೇ, ಕನ್ನಡದಲ್ಲಿ ಇರಬೇಕು.

ಸುರತ್ಕಲ್ ಆ್ಯಪ್ ಡೆವಲಪರ್
ಇದನ್ನು ಪೂರ್ತಿ ಒಪ್ಪುತ್ತೇನೆ. ನಂಬರ್ ಮುಚ್ಚಿಟ್ಟು ಮೊದಲು ಚಾಟ್, ಆಮೇಲೆ ಕರೆ. ಹೆಸರಿನ ವಿಷಯಕ್ಕೂ ಅದೇ ದಾರಿ. ಆ್ಯಪ್ ಗುರುತು ಪರಿಶೀಲಿಸಿ ‘ಪರಿಶೀಲಿಸಲಾಗಿದೆ’ ಅಂತ ತೋರಿಸಲಿ. ಭೇಟಿಯ ಸಮಯ ಎರಡೂ ಕಡೆ ಒಪ್ಪಿದ ಮೇಲೆ ಹೆಸರು ಕಾಣಲಿ. ಮನೆಗೆ ಬರುವ ಮೊದಲೇ ನಿಮಗೆ ಗೊತ್ತಾಗುತ್ತದೆ.

ಕೊಟ್ಟಾರ ನಿವಾಸಿ
ನೀರಿನ ಮಾತು ಬಿಟ್ಟು ಹೋಗುತ್ತಿದೆ. 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಮಂಗಳೂರಿಗೆ ಸರದಿಯಲ್ಲಿ ನೀರು ಬಿಟ್ಟರು. ಬಜೆ ಅಣೆಕಟ್ಟಿನಲ್ಲಿ ಸ್ವರ್ಣಾ ನದಿ ಬತ್ತಿ ಉಡುಪಿಗೂ ಅದೇ ಪಾಡು. ಆ್ಯಪ್‌ನಲ್ಲಿ ಮಾತ್ರ ಎಲ್ಲ ಮನೆಗೂ ‘24 ಗಂಟೆ ನೀರು’. ಪಾಲಿಕೆ ನಲ್ಲಿಯಾ, ಬಾವಿಯಾ, ಬೋರ್‌ವೆಲ್ಲಾ, ಟ್ಯಾಂಕರಾ ಅಂತ ಬಿಡಿಸಿ ಕೇಳಲಿ. ಮಳೆಯದೂ ಹಾಗೇ. 2018ರ ಮೇ 29ರಂದು ಮಂಗಳೂರಿನ ಕೊಟ್ಟಾರ ಚೌಕಿ ಕಡೆ ನೀರು ನುಗ್ಗಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಉಡುಪಿಯ ಕಲ್ಸಂಕ, ಬನ್ನಂಜೆ ಮುಳುಗಿದವು. ‘ಅಂಗಳಕ್ಕೆ ನೀರು ಬರುತ್ತದಾ’ ಅನ್ನುವ ಪ್ರಶ್ನೆ ಕಡ್ಡಾಯ ಆಗಬೇಕು. ಉತ್ತರವನ್ನು ಮಾಲೀಕರ ಜೊತೆ ಹಳೆ ಬಾಡಿಗೆದಾರರೂ ಬರೆಯಲಿ. ಫೋಟೊಗೆ ತಿಂಗಳು ನಮೂದಿಸಿ. ಜನವರಿಯಲ್ಲಿ ಸುಣ್ಣ ಹೊಡೆದ ಗೋಡೆ ನೋಡಿ ಏನು ಪ್ರಯೋಜನ?

ಬಿಜೈ ಮನೆ ಮಾಲೀಕ
ಹಳೆ ಬಾಡಿಗೆದಾರ ಜಗಳ ಮಾಡಿಕೊಂಡು ಹೋಗಿದ್ದರೆ?

ಕೊಟ್ಟಾರ ನಿವಾಸಿ
ಅಭಿಪ್ರಾಯ ಬೇಡ, ನೀರು ಬಂತಾ ಇಲ್ಲವಾ ಅಷ್ಟೇ. ತಪ್ಪಿದ್ದರೆ ಕೆಳಗೆ ನೀವೂ ಉತ್ತರ ಬರೆಯಿರಿ.

ಇಂದ್ರಾಳಿ ಬಾಡಿಗೆದಾರ
ಫಿಲ್ಟರ್ ಬದಲು ಮನೆಯ ಪುಟದಲ್ಲೇ ‘ಮಾಲೀಕರ ನಿಯಮಗಳು’ ಅಂತ ಖಾಲಿ ಜಾಗ ಇಟ್ಟರೆ ನನಗೂ ಸಾಕು. ಟಿಕ್ ಚೌಕ ಬೇಡ. ನಿಯಮ ಇರುವವರು ತಮ್ಮ ಕೈಯಾರೆ ಬರೆಯಬೇಕು. ಅಲ್ಲಿ ಬರೆಯದ ನಿಯಮವನ್ನು ಮುಂಗಡ ಕೊಟ್ಟ ಮೇಲೆ ಹೇಳಿದರೆ ಮುಂಗಡ ಪೂರ್ತಿ ವಾಪಸ್.

ದೇರಳಕಟ್ಟೆ ನರ್ಸ್
ಆ ಜಾಗದಲ್ಲಿ ಜಾತಿ, ಧರ್ಮ ಬರೆದರೆ ಜಾಹೀರಾತು ಅಲ್ಲೇ ತೆಗೆಯಬೇಕು. ಇದೂ ಸೇರಿದರೆ ಒಪ್ಪುತ್ತೇನೆ.

ಬಿಜೈ ಮನೆ ಮಾಲೀಕ
ಅದಕ್ಕೆ ನನ್ನ ತಕರಾರಿಲ್ಲ. ಮುಂಗಡ ವಾಪಸ್ ಅನ್ನುವುದಕ್ಕೂ ಒಪ್ಪಿಗೆ, ಆದರೆ ಕೀ ಕೊಡುವವರೆಗೆ ಮಾತ್ರ. ಮನೆಗೆ ಬಂದು ಕೂತ ಮೇಲೆ ಕರಾರು ಪತ್ರದಲ್ಲಿ ಇರುವುದೇ ನಡೆಯಬೇಕು.