ಚಿನ್ನುವಿನ ಸ್ನಾನದ ಬಗ್ಗೆ, ಪುಟ್ಟಿಗೆ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ನಿನ್ನ ಕಾಕರ್ ಸ್ಪ್ಯಾನಿಯಲ್ ನಾಯಿ ಚಿನ್ನುವನ್ನು ಮೊದಲ ಸಲ ಡಾಗ್ ಶೋಗೆ ಕರೆದುಕೊಂಡು ಹೋಗುತ್ತಿದ್ದೀಯ. ಇನ್ನು ಮೂರು ವಾರ ಇದೆ. ಆದರೆ ಪ್ರತಿ ಸಲ ಸ್ನಾನ ಮಾಡಿಸಿದ ಮೇಲೆ ಬೆನ್ನಿನ ಕೂದಲು ಹತ್ತಿಯ ಹಾಗೆ ಉಬ್ಬಿಕೊಳ್ಳುತ್ತದೆ, ಯಾವ ಕಂಡೀಷನರ್ ಹಾಕಲಿ ಅಂತ ಕೇಳಿದ್ದೀಯ. ಗ್ರೂಪಿನಲ್ಲಿ ಎಲ್ಲರೂ ಒಂದೊಂದು ಬಾಟಲಿಯ ಹೆಸರು ಹೇಳಿದ್ದಾರೆ. ನಾನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಕೆಲಸ ಮಾಡುತ್ತಾ ಕೇಳಿಸಿಕೋ.

ಬಾಟಲಿ ಬದಲಿಸಬೇಡ. ಬೆನ್ನು ಉಬ್ಬುವುದು ಕಂಡೀಷನರ್ ಸಾಲದೆ ಅಲ್ಲ. ಹೆಚ್ಚಾಗಿ ಅದು ಕೆಡುವುದು ಒಣಗಿಸುವ ರೀತಿಯಲ್ಲೇ.

ಕಾಕರ್ ಸ್ಪ್ಯಾನಿಯಲ್ ಮೈಮೇಲೆ ಎರಡು ಥರ ಕೂದಲು ಇದೆ ಅಂತ ಇಟ್ಟುಕೋ. ಬೆನ್ನಿನದು ಗಿಡ್ಡ, ಅದು ಮೈಗೆ ಅಂಟಿಕೊಂಡು ಮಲಗಬೇಕು. ಕಿವಿ, ಎದೆ, ಹೊಟ್ಟೆ, ಕಾಲುಗಳಲ್ಲಿ ಇಳಿಬಿದ್ದಿರುವುದು ಫೆದರ್, ಅದು ಹಗುರವಾಗಿ ಜಾರಬೇಕು. ಇಂಗ್ಲಿಷ್ ಕಾಕರ್ ತಳಿಯ ನಿಯಮದಲ್ಲಿ ಕೂದಲು ಚಪ್ಪಟೆಯಾಗಿ, ರೇಷ್ಮೆಯ ಹಾಗೆ ಇರಬೇಕು, ಗುಂಗುರು ಇರಲೇಬಾರದು ಅಂತಿದೆ. ಅಮೆರಿಕನ್ ಕಾಕರ್‌ಗೆ ಸಣ್ಣ ಅಲೆ ಇದ್ದರೆ ಪರವಾಗಿಲ್ಲ, ಆದರೆ ಹತ್ತಿಯಂಥ ಕೂದಲನ್ನು ದೊಡ್ಡ ದೋಷ ಅಂತಲೇ ಹಿಡಿಯುತ್ತಾರೆ. ಎರಡು ತಳಿಯಲ್ಲೂ ಬೆನ್ನಿನ ಕೂದಲಿಗೂ ಫೆದರ್‌ಗೂ ಒಂದೇ ಉಪಚಾರ ಮಾಡಿದರೆ ಒಂದು ಕೆಟ್ಟೇ ಕೆಡುತ್ತದೆ.

ಈಗ ಮೊದಲಿಂದ ಹೇಳುತ್ತೇನೆ. ನೀರು ಹಾಕುವ ಮುಂಚೆ ಸಿಕ್ಕು ಬಿಡಿಸಬೇಕು. ಒದ್ದೆಯಾದರೆ ಸಿಕ್ಕು ಬಿಗಿದುಕೊಂಡು ಉಂಡೆ ಕಟ್ಟುತ್ತದೆ, ಆಮೇಲೆ ಕತ್ತರಿಯೇ ಗತಿ. ಶೋ ನಾಯಿಯ ಫೆದರ್ ಒಂದು ಸಲ ಕತ್ತರಿಸಿದರೆ ಮತ್ತೆ ಬೆಳೆಯಲು ತಿಂಗಳುಗಟ್ಟಲೆ ಕಾಯಬೇಕು. ಪೂರಾ ಒಣ ಕೂದಲಿಗೆ ಬ್ರಷ್ ಹಾಕಬೇಡ, ತುದಿ ಮುರಿಯುತ್ತದೆ. ಒಂದು ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ ನಾಲ್ಕು ಹನಿ ಕಂಡೀಷನರ್ ಬೆರೆಸು, ತೆಳ್ಳಗೆ ಸಿಂಪಡಿಸು. ಕಾಲಿನ ಕೂದಲನ್ನು ಪೂರ್ತಿ ಮೇಲಕ್ಕೆ ಎತ್ತಿ ಹಿಡಿ. ಕೆಳಗಿನಿಂದ ಒಂದೊಂದೇ ಪದರ ಇಳಿಬಿಟ್ಟು ಬುಡದಿಂದ ಬಾಚು. ಚರ್ಮದ ಗೆರೆ ಕಣ್ಣಿಗೆ ಕಾಣಬೇಕು. ಮೇಲೆ ಮೇಲೆ ಬಾಚಿದರೆ ಹೊರಗೆ ನುಣ್ಣಗೆ, ಒಳಗೆ ಕಂಬಳಿ! ಆಮೇಲೆ ಸ್ಟೀಲ್ ಬಾಚಣಿಗೆ ಎಳೆದು ನೋಡು. ಕಿವಿಯ ಹಿಂದೆ, ಕಂಕುಳಲ್ಲಿ, ಬೆರಳುಗಳ ಸಂದಿಯಲ್ಲಿ ಅದು ತಡೆದು ನಿಲ್ಲುತ್ತದೆ. ಗಂಟು ಇರುವುದು ಅಲ್ಲೇ.

ಬೆನ್ನಿನಲ್ಲಿ ಮಂಕಾದ, ಸಡಿಲವಾದ ಮೆತ್ತನೆ ಕೂದಲು ಕಂಡರೆ ಅದನ್ನೂ ಸ್ನಾನಕ್ಕೆ ಮುಂಚೆಯೇ ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು, ಬೆಳೆದ ದಿಕ್ಕಿಗೇ ಸ್ವಲ್ಪ ಸ್ವಲ್ಪ ಎಳೆದು ತೆಗೆ. ಸತ್ತ ಕೂದಲು ಸುಲಭವಾಗಿ ಬರುತ್ತದೆ, ನಾಯಿಗೆ ನೋವಾಗುವುದಿಲ್ಲ. ತೊಳೆದ ಮೇಲೆ ಕೂದಲು ಜಾರುತ್ತದೆ, ಹಿಡಿತ ಸಿಗುವುದಿಲ್ಲ. ಈ ಒಳಗೂದಲು ಅಡಿಯಿಂದ ಎತ್ತುವುದರಿಂದಲೂ ಬೆನ್ನು ಉಬ್ಬುತ್ತದೆ. ಬೇಗ ಆಗುತ್ತೆ ಅಂತ ಬೆನ್ನಿಗೆ ಕೂದಲು ಕತ್ತರಿಸುವ ಮಷೀನ್ ಹಾಕಿಸಬೇಡ. ಅಮೆರಿಕನ್ ಕಾಕರ್ ನಿಯಮದಲ್ಲಂತೂ ಬೆನ್ನಿಗೆ ಎಲೆಕ್ಟ್ರಿಕ್ ಕ್ಲಿಪ್ಪರ್ ಬೇಡ ಅನ್ನುವ ಮಾತು ಬರೆದೇ ಇದೆ.

ಇನ್ನು ನೀರು. ಉಗುರುಬೆಚ್ಚಗೆ ಇದ್ದರೆ ಸಾಕು. ಕಾಲಿನಿಂದ ಶುರು ಮಾಡು, ತಲೆ ಕೊನೆಗೆ. ತಲೆ ಒದ್ದೆಯಾದ ತಕ್ಷಣ ಮೈ ಕೊಡವುತ್ತವೆ. ಕೊಡವುವುದು ಮೂತಿಯಿಂದಲೇ ಶುರುವಾಗುತ್ತದೆ, ಹಾಗಾಗಿ ಮೂತಿಯನ್ನು ಮೆಲ್ಲಗೆ ಹಿಡಿದುಕೊಂಡರೆ ನಿಲ್ಲಿಸುತ್ತದೆ. ಕಿವಿಯ ಬಾಯಿಗೆ ಒಂದೊಂದು ಹತ್ತಿಯ ಉಂಡೆ ಇಡು, ಆಮೇಲೆ ತೆಗೆಯುವುದನ್ನು ಮರೆಯಬೇಡ.

ಅತ್ತಿಗೆ, ಮನೆಯಲ್ಲಿ ನಾವು ಹಾಕುವ ಶಾಂಪೂ ಸಾಕು ಅಂದಿರಲ್ಲ, ಅದು ಬೇಡ. ನಮ್ಮ ಚರ್ಮ ಸ್ವಲ್ಪ ಆಮ್ಲದ ಕಡೆ, ಪಿಎಚ್ ಸುಮಾರು 5.5. ನಾಯಿಯದು 7ರ ಹತ್ತಿರ. ನಮ್ಮ ಶಾಂಪೂವಿಗೆ ಅವುಗಳ ಚರ್ಮ ಬೇಗ ಒಣಗುತ್ತದೆ. ನಾಯಿಯ ಶಾಂಪೂವನ್ನೂ ಹಾಗೇ ಸುರಿಯಬಾರದು. ಬಾಟಲಿಯ ಮೇಲೆ ಹೇಳಿದ ಅಳತೆಗೆ ನೀರು ಬೆರೆಸಿ ಎರಡು ಸಲ ಹಾಕಬೇಕು. ಮೊದಲನೆಯದು ಕೊಳೆಗೆ, ಎರಡನೆಯದು ಕೂದಲಿಗೆ. ಗರಗರ ಉಜ್ಜಬೇಡ, ಪುಟ್ಟಿ. ರೇಷ್ಮೆ ಬಟ್ಟೆ ಹಿಂಡದೆ ಒತ್ತುತ್ತೀವಲ್ಲ, ಹಾಗೆ ಬುಡದಿಂದ ತುದಿಗೆ ಒತ್ತಿಕೊಂಡು ಹೋಗು.

ತೊಳೆಯುವ ವಿಷಯ ಬಂದರೆ ನನಗೆ ಈಗಲೂ ಮನಸ್ಸಿಗೆ ಕಷ್ಟವಾಗುತ್ತದೆ. ನನ್ನ ಮೊದಲ ಕರಿ ಹೆಣ್ಣು ನಾಯಿಯನ್ನು ಶೋಗೆ ಕರೆದುಕೊಂಡು ಹೋದಾಗ ಹಿಂದಿನ ರಾತ್ರಿ ಅವಸರದಲ್ಲಿ ತೊಳೆದಿದ್ದೆ. ಬೆಳಿಗ್ಗೆ ರಿಂಗಿನಲ್ಲಿ ನಿಂತಲ್ಲೇ ಕೆರೆದುಕೊಂಡಳು. ಜಡ್ಜ್ ಬೆನ್ನಿನ ಮೇಲೆ ಕೈ ಆಡಿಸಿ, ಕೂದಲು ಬಿಡಿಸಿ ನೋಡಿದರು. ಕಪ್ಪು ಕೂದಲಿನ ಬುಡದಲ್ಲಿ ಬಿಳಿ ಹೊಟ್ಟು. ಸೋಪು ಉಳಿದು ಒಣಗಿತ್ತು, ಚರ್ಮ ಕೆಂಪಾಗಿತ್ತು. ಸೋತಿದ್ದಕ್ಕಿಂತ ಪಾಪ ಅದು ರಾತ್ರಿಯೆಲ್ಲಾ ತುರಿಕೆ ತಡೆದುಕೊಂಡಿತ್ತಲ್ಲ ಅಂತ ಹೊಟ್ಟೆ ಉರಿದುಹೋಯಿತು. ಆವತ್ತಿನಿಂದ ಶಾಂಪೂ ಹಚ್ಚುವುದಕ್ಕಿಂತ ಎರಡು ಪಟ್ಟು ಹೊತ್ತು ತೊಳೆಯುತ್ತೇನೆ. ನೀರು ತಿಳಿಯಾಗಿ ಹರಿದರೂ ನಿಲ್ಲಿಸಬೇಡ. ಕಂಕುಳ ಕೂದಲನ್ನು ಎರಡು ಬೆರಳಿನ ಮಧ್ಯೆ ಎಳೆ. ಕಿರ್ ಅನ್ನಬೇಕು. ಅನ್ನಲಿಲ್ಲ ಅಂದರೆ ಇನ್ನೊಂದು ಸಲ.

ಕಂಡೀಷನರ್ ಈಗ ಬರುತ್ತದೆ, ಅದೂ ಫೆದರ್‌ಗೆ ಮಾತ್ರ. ಕೂದಲಿನ ಮೇಲೆ ಹೆಂಚು ಹೊದಿಸಿದ ಹಾಗೆ ಸಣ್ಣ ಪದರಗಳಿವೆ. ಕಂಡೀಷನರ್ ಅವನ್ನು ನುಣುಪಾಗಿಸುತ್ತದೆ, ಸಿಕ್ಕು ಕಡಿಮೆ ಮಾಡುತ್ತದೆ. ನೀರಲ್ಲಿ ಕರಗಿಸಿ ಕಿವಿ, ಹೊಟ್ಟೆ, ಕಾಲಿಗೆ ಹಚ್ಚು. ಬಾಟಲಿಯಲ್ಲಿ ಹೇಳಿದಷ್ಟು ನಿಮಿಷ ಬಿಡು, ಆಮೇಲೆ ಜಿಡ್ಡು ಹೋಗುವ ತನಕ ತೊಳೆ. ಬೆನ್ನಿಗೆ ಹಚ್ಚಿದರೆ ಆ ಗಿಡ್ಡ ಕೂದಲು ಮೆತ್ತಗಾಗಿ ಅಲ್ಲಲ್ಲಿ ಬಿಟ್ಟುಕೊಳ್ಳುತ್ತದೆ.

ಈಗ ನೀನು ಕೇಳಿದ ಬೆನ್ನಿನ ವಿಷಯ. ಟವೆಲ್‌ನಿಂದ ಉಜ್ಜಬೇಡ, ಒತ್ತಿ ನೀರು ಹೀರಿಸು. ಬೆನ್ನು ಇನ್ನೂ ಒದ್ದೆ ಇರುವಾಗಲೇ ಕುತ್ತಿಗೆಯಿಂದ ಬಾಲದ ಬುಡಕ್ಕೆ ಚಪ್ಪಟೆಯಾಗಿ ಬಾಚು. ಪಕ್ಕೆಗಳಲ್ಲಿ ಕೆಳಮುಖವಾಗಿ. ಒಣ ಟವೆಲ್ ಒಂದನ್ನು ಶಾಲಿನ ಹಾಗೆ ಹೊದಿಸಿ ಎದೆಯ ಮುಂದೆ, ಹೊಟ್ಟೆಯ ಕೆಳಗೆ, ಬಾಲದ ಹತ್ತಿರ ದೊಡ್ಡ ಸೇಫ್ಟಿ ಪಿನ್ ಹಾಕು. ಪಿನ್ ಚುಚ್ಚುವಾಗ ನಿನ್ನ ಬೆರಳು ಟವೆಲ್ ಮತ್ತು ಚರ್ಮದ ಮಧ್ಯೆ ಇರಲಿ. ಟವೆಲ್ ಬಿಗಿಯಾಗಿ ಕೂರಬೇಕು, ಆದರೆ ಉಸಿರಾಟಕ್ಕೆ ತೊಂದರೆ ಆಗಬಾರದು. ಸುಕ್ಕು ಇದ್ದರೆ ಸುಕ್ಕಿನ ಗುರುತೇ ಕೂದಲಲ್ಲಿ ಕೂರುತ್ತದೆ, ಅಂಗೈಯಿಂದ ಸವರಿ ನೋಡು. ಹಾಗೇ ಬಿಟ್ಟು ಕಾಲು, ಎದೆ, ಕಿವಿ ಒಣಗಿಸು. ಡ್ರೈಯರ್ ಬೆಚ್ಚಗಿರಲಿ, ಬಿಸಿ ಬೇಡ. ಗಾಳಿ ಬೀಳುವ ಜಾಗದಲ್ಲೇ ಪಿನ್ ಬ್ರಷ್ (ತಂತಿ ಹಲ್ಲಿನ ಬ್ರಷ್) ಆಡಬೇಕು, ಕೂದಲು ನೆಟ್ಟಗಾಗುತ್ತಾ ಒಣಗುತ್ತದೆ. ಅಷ್ಟು ಹೊತ್ತಿಗೆ ಟವೆಲ್ ಒಳಗೆ ಬೆನ್ನು ಮುಕ್ಕಾಲು ಒಣಗಿರುತ್ತದೆ. ಬಿಚ್ಚಿ, ಕೂದಲು ಮಲಗಿದ ದಿಕ್ಕಿಗೇ ಗಾಳಿ ಬಿಟ್ಟು ಮುಗಿಸು. ನೀನು ಇಷ್ಟು ದಿನ ಎದುರು ದಿಕ್ಕಿನಿಂದ ಊದುತ್ತಿದ್ದೀಯ ಅಂತ ಕಾಣುತ್ತದೆ, ಅಲ್ವಾ? ಅರ್ಧ ಒಣಗಿಸಿ ಸುಮ್ನೆ ಬಿಟ್ಟರೂ ಅಲೆ ಅಲೆಯಾಗಿ ಒಣಗುತ್ತದೆ.

ಕಿವಿಯ ಒಳಮೈ ಪೂರಾ ಒಣಗಿದೆಯಾ ನೋಡು. ಜೋಲು ಕಿವಿಗೆ ಗಾಳಿ ಆಡುವುದಿಲ್ಲ, ತೇವ ನಿಂತರೆ ಸೋಂಕು. ಸ್ಪ್ಯಾನಿಯಲ್‌ಗಳಿಗೆ ಇದು ಮೊದಲೇ ಜಾಸ್ತಿ. ವಾಸನೆ ಬಂದರೆ, ತಲೆ ಒದರುತ್ತಿದ್ದರೆ ಡಾಕ್ಟರಿಗೆ ತೋರಿಸು, ನೀನೇ ಕಡ್ಡಿ ಹಾಕಬೇಡ.

ಅಣ್ಣ, ಹೇರ್ ಸ್ಪ್ರೇ ಹೊಡೆದು ಕೂರಿಸಿದರಾಯಿತು ಅಂದೆಯಲ್ಲ, ಅದು ಆಗುವುದಿಲ್ಲ. ಕೂದಲಿನ ಸಹಜ ಬಣ್ಣ, ಗುಣ ಬದಲಿಸುವ ಯಾವುದೂ ಶೋ ಹೊತ್ತಿನಲ್ಲಿ ಮೈಮೇಲೆ ಇರಬಾರದು ಅಂತ ಬ್ರಿಟನ್ನಿನ ಡಾಗ್ ಶೋ ಸಂಸ್ಥೆ ಕೆನಲ್ ಕ್ಲಬ್ ನಿಯಮದಲ್ಲೇ ಇದೆ. ಪುಟ್ಟಿ, ನಿನ್ನ ಶೋನ ನಿಯಮವನ್ನೂ ಒಮ್ಮೆ ಓದಿಕೋ.

ಈ ವಾರ ಒಂದು ಪೂರ್ತಿ ಸ್ನಾನ, ಮುಂದಿನ ವಾರ ಇನ್ನೊಂದು. ಇವೆರಡೂ ನಿನಗೆ ಅಭ್ಯಾಸ. ಕೊನೆಯದು ಶೋಗೆ ಎರಡು ದಿನ ಮುಂಚೆ, ಬೆನ್ನು ಕೂರಲು ಅಷ್ಟು ಸಮಯ ಬೇಕು. ಹಿಂದಿನ ದಿನ ಕಾಲು, ಫೆದರ್ ಮಾತ್ರ ತೊಳೆದರೆ ಸಾಕು. ಹೊಸ ಶಾಂಪೂ ಏನಾದರೂ ನೋಡಬೇಕಿದ್ದರೆ ಈಗಲೇ ನೋಡು, ಆ ವಾರ ಬೇಡ.

ಈ ಸಲ ಟವೆಲ್ ಬಿಚ್ಚಿದ ಮೇಲೆ ಚಿನ್ನುವನ್ನು ಕಿಟಕಿಯ ಬೆಳಕಿಗೆ ಅಡ್ಡ ನಿಲ್ಲಿಸಿ ಬೆನ್ನಿನ ಫೋಟೊ ಹಾಕು. ಎಲ್ಲಾದರೂ ಎದ್ದಿದ್ದರೆ ಪಿನ್ ಎಲ್ಲಿ ಸಡಿಲ ಆಗಿದೆ ಅಂತ ನೋಡಿ ಹೇಳುತ್ತೇನೆ.